ದನಿ ಹೊರಡದ ಲ್ಯಾಪ್‌ಟಾಪ್

ಶಹಾಬಾದಿನ ಸುರೇಶಕುಮಾರನಿಗೆ ಸಣ್ಣವನಿದ್ದಾಗಿನಿಂದಲೂ ಇರುಳುಗಣ್ಣು. ಹೊತ್ತು ಮುಳುಗಿದರೆ ಗೋಡೆ ಹಿಡಿದು ನಡೆಯುತ್ತಿದ್ದ. ಓಣಿಯ ಹುಡುಗರು ಸಂಜೆ ಆಟಕ್ಕೆ ಕರೆದರೆ ಹೊಟ್ಟೆ ನೋಯುತ್ತದೆ ಎಂದು ಸುಳ್ಳು ಹೇಳಿ ಒಳಗೇ ಕೂಡುತ್ತಿದ್ದ. ತಾಯಿ ಹಣಮವ್ವ ಅದನ್ನು ಜಡ್ಡು ಎಂದು ಬಗೆಯಲಿಲ್ಲ. ಅವಳ ಅಣ್ಣನಿಗೂ ಹಾಗೇ ಇತ್ತು, ಮನೆತನದಲ್ಲಿ ಬಂದದ್ದು ಎಂದುಕೊಂಡು ಮಗನಿಗೆ ನುಗ್ಗೆಸೊಪ್ಪು ತಿನ್ನಿಸುತ್ತ ಬಂದಳು. ತಂದೆ ನೆಲಕ್ಕೆ ಹಾಸುವ ಪರ್ಸಿಕಲ್ಲಿನ ಗಣಿಯಲ್ಲಿ ದುಡಿದವನು. ಮಗ ಗಣಿಗೆ ಇಳಿಯಕೂಡದು ಎಂಬುದೊಂದೇ ಅವನ ಹಟ. ಆ ಹಟದಿಂದಲೇ ಸುರೇಶಕುಮಾರ ಗುಲಬರ್ಗಾದಲ್ಲಿ ಕಂಪ್ಯೂಟರ್ ಡಿಪ್ಲೊಮಾ ಮುಗಿಸಿದ. ಅವನು ನೌಕರಿಗೆ ಸೇರಿದ ವರ್ಷವೇ ತಂದೆ ಎದೆಬೇನೆಯಿಂದ ತೀರಿಕೊಂಡ.

ನೌಕರಿ ವಾಡಿ ಕಡೆಯ ಒಂದು ಸಿಮೆಂಟ್ ಕಾರ್ಖಾನೆಯಲ್ಲಿ. ತೊಂಬತ್ತರ ದಶಕದ ಮೊದಲ ವರ್ಷಗಳು. ಕಾರ್ಖಾನೆಯ ತುಂಬ ಬಿಳಿ ದೂಳು ಹಾರುತ್ತಿದ್ದರೂ ಕಂಪ್ಯೂಟರ್ ಕೋಣೆಯೊಳಗೆ ದೂಳಿರಲಿಲ್ಲ, ಬಿಸಿಲಿರಲಿಲ್ಲ. ಯುನಿಕ್ಸ್ ಎಂಬ ವ್ಯವಸ್ಥೆಯಲ್ಲಿ ನಡೆಯುವ ದೊಡ್ಡ ಯಂತ್ರ, ಕರಿ ಪರದೆಯ ಮೇಲೆ ಹಸಿರು ಅಕ್ಷರ. ಹಗಲಿನ ಬೆಳಕು ಅವನ ಕಣ್ಣು ಚುಚ್ಚುತ್ತಿತ್ತು, ಇರುಳಿನ ಕತ್ತಲೆ ಅವನನ್ನು ಎಡವಿಸುತ್ತಿತ್ತು. ಆ ಪರದೆಯ ಮುಂದೆ ಮಾತ್ರ ಅವನು ಯಾರಿಗೂ ಕಡಿಮೆಯಿಲ್ಲದವನಂತೆ ಕೂಡುತ್ತಿದ್ದ. ಯಂತ್ರಕ್ಕೆ ಏನಾದರೂ ಆದರೆ ಏನು ತಪ್ಪಿತು ಎಂದು ಅದೇ ಬರೆದು ತೋರಿಸುತ್ತಿತ್ತು. ಮನುಷ್ಯರಿಗಿಂತ ಇದು ನೆಟ್ಟಗಿನದು ಎಂದು ಅವನಿಗೆ ಅನಿಸಿತ್ತು.

ಆಮೇಲೆ ಆ ಕೆಲಸವೆಲ್ಲ ದೂರದ ಮುಖ್ಯ ಕಚೇರಿಗೆ ಹೋಯಿತು, ಕೋಣೆಗೆ ಬೀಗ ಬಿತ್ತು. ಸುರೇಶಕುಮಾರ ಶಹಾಬಾದಿಗೆ ಬಂದು, ಸ್ಟೇಷನ್ ರಸ್ತೆಯಲ್ಲಿ ಅಲ್ಲಾವುದ್ದೀನ ಎಂಬುವನು ನಡೆಸುತ್ತಿದ್ದ ಕಂಪ್ಯೂಟರ್ ಕ್ಲಾಸಿನಲ್ಲಿ ಕಲಿಸತೊಡಗಿದ. ಅಷ್ಟರಲ್ಲಿ ಐನಾಪುರದ ಲುಂಬಿನಿಯ ಜೊತೆ ಮದುವೆಯಾಗಿತ್ತು. ಅವಳು ಏಳನೇ ಇಯತ್ತೆಯವರೆಗೆ ಓದಿದವಳು, ಓಣಿಯ ಅಂಗನವಾಡಿಯಲ್ಲಿ ಸಹಾಯಕಿ. ಮಾತು ಕಡಿಮೆ.

ಎರಡು ಸಾವಿರದ ಐದನೇ ಇಸವಿಯ ಹೊತ್ತಿಗೆ ಸುರೇಶಕುಮಾರನಿಗೆ ಲೋಕ ಒಂದು ಪೈಪಿನೊಳಗಿಂದ ನೋಡಿದ ಹಾಗೆ ಕಾಣತೊಡಗಿತು. ಎದುರಿಗಿದ್ದವರ ಮೂಗು ಕಂಡರೆ ಕಿವಿ ಕಾಣುತ್ತಿರಲಿಲ್ಲ. ಕ್ಲಾಸಿನಲ್ಲಿ ಬೆಂಚಿಗೆ ಮೊಣಕಾಲು ಬಡಿದುಕೊಳ್ಳುತ್ತಿದ್ದ. ಒಂದು ದಿನ ನೆಲದ ಮೇಲೆ ಕೂತು ಬರೆಯುತ್ತಿದ್ದ ಹುಡುಗಿಯ ಕೈಯನ್ನೇ ತುಳಿದ. ಅವಳು ಕೂಗಲಿಲ್ಲ, ಕೈ ಹಿಂದಕ್ಕೆಳೆದುಕೊಂಡು ಸುಮ್ಮನೆ ಕೂತಳು. ಅವಳು ಸುಮ್ಮನಿದ್ದದ್ದೇ ಅವನನ್ನು ಹೆಚ್ಚು ಹೆದರಿಸಿತು.

ಲುಂಬಿನಿ ಅವನನ್ನು ಹೈದರಾಬಾದಿನ ಕಣ್ಣಿನ ದವಾಖಾನೆಗೆ ಕರೆದೊಯ್ದಳು. ಕಣ್ಣಿನ ಹಿಂದಿನ ಪರದೆ ಒಣಗುತ್ತಿದೆ, ಔಷಧಿಯಿಲ್ಲ, ಉಳಿದಿರುವ ನೋಟವೂ ಕೆಲವೇ ವರ್ಷಗಳಲ್ಲಿ ಮುಚ್ಚಿಕೊಳ್ಳುತ್ತದೆ ಎಂದು ಡಾಕ್ಟರು ಇಂಗ್ಲಿಷಿನಲ್ಲಿ ಹೇಳಿದರು. ಪಕ್ಕದಲ್ಲೇ ಕೂತಿದ್ದರೂ ಲುಂಬಿನಿಗೆ ಆ ಮಾತು ತಿಳಿಯಲಿಲ್ಲ. ತಿರುಗಿ ಬರುವಾಗ ರೈಲು ತಾಂಡೂರು ದಾಟಿದ ಮೇಲೆ ಅವನು ಹೇಳಿದ.

"ಇನ್ನ ನನಗ ಕಾಣಲ್ಲಂತ. ಒಮ್ಮೆಲೇ ಅಲ್ಲ, ಸಾವಕಾಶ ಹೋಗ್ತದಂತ."

"ಅಲ್ಲೇ ನಿಮ್ಮ ಮಾರಿ ನೋಡಿ ತಿಳೀತು ನನಗ" ಎಂದಳು ಲುಂಬಿನಿ.

ಆದರೆ ಆ ದವಾಖಾನೆಯಲ್ಲೇ ಅವನೊಂದು ಸಂಗತಿ ನೋಡಿ ಬಂದಿದ್ದ. ಪೂರ್ತಿ ಕಣ್ಣಿಲ್ಲದ ಒಬ್ಬ ಹೆಣ್ಣುಮಗಳು ಅಲ್ಲಿ ಕಂಪ್ಯೂಟರಿನ ಮುಂದೆ ಕೂತು ಕೆಲಸ ಮಾಡುತ್ತಿದ್ದಳು. ಪರದೆಯ ಮೇಲಿನದನ್ನೆಲ್ಲ ಕಂಪ್ಯೂಟರೇ ಅವಳಿಗೆ ಗಟ್ಟಿಯಾಗಿ ಓದಿ ಹೇಳುತ್ತಿತ್ತು. ವಿಂಡೋಸ್‌ನಲ್ಲಿ ಹಾಗೆ ಓದುವ ಪ್ರೋಗ್ರಾಮು ಇವರ ಕೈಗೆ ಎಟುಕುವಂಥದ್ದಲ್ಲ. ಬಿಟ್ಟಿಯಾಗಿ ಸಿಕ್ಕುವ ನಮೂನೆ ಸ್ವಲ್ಪ ಹೊತ್ತು ಮಾತಾಡಿ ನಿಂತುಬಿಡುತ್ತಿತ್ತು. ಲಿನಕ್ಸ್‌ನಲ್ಲಿ ಅಂಥದೇ ಪ್ರೋಗ್ರಾಮು ಯಾರು ಬೇಕಾದರೂ ಹಾಕಿಕೊಳ್ಳಬಹುದಿತ್ತು. ಲಿನಕ್ಸ್ ಎಂದರೆ ಅವನು ಕಾರ್ಖಾನೆಯಲ್ಲಿ ಬಳಸಿದ ಯುನಿಕ್ಸ್‌ನ ಬಳಗದ್ದೇ. ಆಜ್ಞೆಗಳು ಬೆರಳಿನಲ್ಲೇ ಇದ್ದವು. ಕಣ್ಣು ಪೂರ್ತಿ ಹೋಗುವುದರೊಳಗೆ ಒಂದು ಯಂತ್ರಕ್ಕೆ ಮಾತು ಕಲಿಸಿಬಿಟ್ಟರೆ ತನ್ನ ನೌಕರಿ ಉಳಿಯುತ್ತದೆ ಎಂದು ಅವನು ಎಣಿಸಿದ.

ಮನೆಗೂ ಕ್ಲಾಸಿಗೂ ಒಯ್ಯಲು ಬರಲಿ ಎಂದು ಹೈದರಾಬಾದಿನಿಂದ ಯಾರೋ ಬಳಸಿ ಬಿಟ್ಟ ಲ್ಯಾಪ್‌ಟಾಪ್ ತರಿಸಿದ. ಅದರ ಬ್ಯಾಟರಿ ಸತ್ತಿತ್ತು, ಕರೆಂಟಿಗೆ ಚುಚ್ಚಿದರಷ್ಟೇ ನಡೆಯುತ್ತಿತ್ತು. ಮೊದಲಿದ್ದ ವಿಂಡೋಸ್ ಹಾಗೇ ಇರಲಿ ಎಂದು ಬಿಟ್ಟು ಪಕ್ಕದಲ್ಲಿ ಲಿನಕ್ಸ್ ಹಾಕಿದ. ಶುರು ಮಾಡುವಾಗ ಯಾವುದು ಬೇಕು ಎಂದು ಯಂತ್ರ ಕೇಳುತ್ತಿತ್ತು, ಸುಮ್ಮನಿದ್ದರೆ ಲಿನಕ್ಸಿಗೆ ಹೋಗುತ್ತಿತ್ತು. ಪರದೆ ಬಂತು, ಕೀಲಿಮಣೆ ನಡೆಯಿತು, ಓದುವ ಪ್ರೋಗ್ರಾಮು ಕೂತಿತು. ದನಿ ಮಾತ್ರ ಬರಲಿಲ್ಲ.

ವಿಂಡೋಸ್‌ನಲ್ಲಿ ಅದೇ ಲ್ಯಾಪ್‌ಟಾಪ್ ಮನೆ ತುಂಬುವಂತೆ ಹಾಡುತ್ತಿತ್ತು. ಲಿನಕ್ಸ್‌ನಲ್ಲಿ ಮೂಕ. ತಪ್ಪು ಏನಾದರೂ ತೋರಿಸಿದ್ದರೆ ಅವನಿಗೆ ದಾರಿ ಸಿಗುತ್ತಿತ್ತು. ಇದು ಯಾವ ತಪ್ಪನ್ನೂ ತೋರಿಸಲಿಲ್ಲ. ದನಿ ಹೊರಡಿಸುವ ಚಿಪ್ಪು, ಅಂದರೆ ಸೌಂಡ್ ಚಿಪ್, ಸಿಕ್ಕಿದೆ, ಅದನ್ನು ನಡೆಸುವ ಡ್ರೈವರ್ ಕೂತಿದೆ, ದನಿ ಪೂರ್ತಿ ಏರಿಸಿದೆ ಎಂದೇ ಪರದೆಯ ಮೇಲೆ ಬರುತ್ತಿತ್ತು. ಲುಂಬಿನಿ ಸ್ಪೀಕರಿಗೆ ಕಿವಿ ಹಚ್ಚಿ ಕೂತು, ಏನೂ ಇಲ್ಲ ಎಂದು ತಲೆ ಅಲ್ಲಾಡಿಸುತ್ತಿದ್ದಳು. ಅವಳು ತಲೆ ಅಲ್ಲಾಡಿಸಿದ್ದು ಅವನಿಗೆ ಕಾಣುತ್ತಿರಲಿಲ್ಲವಾದ್ದರಿಂದ ಆಮೇಲೆ ಬಾಯಿಬಿಟ್ಟು ಹೇಳುತ್ತಿದ್ದಳು.

ರೇಡಿಯೊ ರಿಪೇರಿಯ ಮಜೀದಸಾಬ ಅವನ ಹಳೆಯ ದೋಸ್ತ. ಲ್ಯಾಪ್‌ಟಾಪಿನ ಹೊಟ್ಟೆ ಬಿಚ್ಚಿ, ತಂತಿ ಮುಟ್ಟಿಸಿ ನೋಡಿದ.

"ಇದರ ಗಂಟಲು ಸಾಫ್ ಅದ ಸುರೇಶಣ್ಣ" ಎಂದ. "ಮಾತಾಡು ಅಂತ ಹೇಳೋರೇ ಇದಕ್ಕ ಹೇಳಲಿಕತ್ತಿಲ್ಲ. ಅದು ನನ್ನ ಕೈಯಾಗಿಲ್ಲ."

ಹೊರಗಿನಿಂದ ಚುಚ್ಚುವ ಒಂದು ಸಣ್ಣ ದನಿಯ ಡಬ್ಬಿಯನ್ನೂ ಮಜೀದಸಾಬ ಎಲ್ಲಿಂದಲೋ ತಂದುಕೊಟ್ಟ. ಅದು ಎರಡು ಮಾತು ತೊದಲಿ ಇಡೀ ಯಂತ್ರವನ್ನೇ ನಿಲ್ಲಿಸಿಬಿಡುತ್ತಿತ್ತು.

ಲಿನಕ್ಸ್ ಬಳಸುವವರು ಇ-ಮೇಲಿನಲ್ಲಿ ಒಬ್ಬರಿಗೊಬ್ಬರು ನೆರವಾಗುವ ಒಂದು ಗುಂಪಿತ್ತು. ಸುರೇಶಕುಮಾರ ಸೈಬರ್ ಅಂಗಡಿಯಲ್ಲಿ ಕೂತು ತನ್ನ ತೊಂದರೆ ಬರೆದ. ಪೋಲಂಡಿನ ಒಬ್ಬ ಉತ್ತರ ಕೊಟ್ಟ. ಈ ಸಾಲು ಬದಲಿಸಿ ನೋಡು, ಯಂತ್ರ ಮತ್ತೆ ಶುರು ಮಾಡು ಎಂದ. ಅದಾಗದಿದ್ದರೆ ಇನ್ನೊಂದು ಸಾಲು. ಅದೂ ಆಗದಿದ್ದರೆ ಹೊಸ ಡ್ರೈವರನ್ನು ಇಳಿಸಿಕೊಂಡು ನಿನ್ನ ಯಂತ್ರದಲ್ಲೇ ಕಟ್ಟು ಎಂದ. ಹಾಗೆ ಕಟ್ಟುವುದಕ್ಕೆ ಬಹಳ ಹೊತ್ತು ಹಿಡಿಯುತ್ತಿತ್ತು. ಅರ್ಧ ಆಗುವುದರೊಳಗೆ ಶಹಾಬಾದಿನಲ್ಲಿ ಕರೆಂಟು ಹೋಗುತ್ತಿತ್ತು. ಬ್ಯಾಟರಿ ಇಲ್ಲದ ಲ್ಯಾಪ್‌ಟಾಪ್ ಅಲ್ಲಿಗೇ ಕಣ್ಣು ಮುಚ್ಚುತ್ತಿತ್ತು. ಕರೆಂಟು ಬಂದ ಮೇಲೆ ಮತ್ತೆ ಮೊದಲಿನಿಂದ.

ಈ ನಡುವೆ ಅವನ ನೋಟ ಇನ್ನೂ ಕಿರಿದಾಯಿತು. ಉದ್ದನೆಯ ಸಾಲಿನಲ್ಲಿ ಒಂದು ಸಲಕ್ಕೆ ನಾಲ್ಕೈದು ಅಕ್ಷರ ಕಂಡರೆ ಹೆಚ್ಚು. ಸಾಲಿನ ಕೊನೆಗೆ ಹೋಗುವುದರೊಳಗೆ ಮೊದಲು ಮರೆಯುತ್ತಿತ್ತು. ಹಾಗಾಗಿ ಲುಂಬಿನಿ ಪಕ್ಕದಲ್ಲಿ ಕೂತು ಪರದೆ ಓದತೊಡಗಿದಳು. ಆ ಇಂಗ್ಲಿಷಿನ ಅರ್ಥ ಅವಳಿಗೆ ಗೊತ್ತಿರಲಿಲ್ಲ. ಎಸ್, ಎನ್, ಡಿ ಎಂದು ಒಂದೊಂದೇ ಅಕ್ಷರ ಹೇಳುತ್ತಿದ್ದಳು, ಅವನು ತಲೆಯಲ್ಲಿ ಕೂಡಿಸಿಕೊಳ್ಳುತ್ತಿದ್ದ. ಒಂದು ದಿನ ಸಣ್ಣ ಎಲ್ ಅಕ್ಷರವನ್ನು ಅವಳು ಒಂದು ಎಂದು ಓದಿದಳು. ಅವನು ಹಾಗೇ ಬರೆದ. ಯಂತ್ರ ಶುರುವಾಗುವುದೇ ನಿಂತುಹೋಯಿತು. ಎಲ್ಲವನ್ನೂ ತೆಗೆದು ಹೊಸದಾಗಿ ಹಾಕಬೇಕಾಯಿತು.

"ನಿನಗ ಓದಾಕರೆ ಬರ್ತದೋ ಇಲ್ಲೋ?" ಎಂದು ಅವನು ಓಣಿಗೆಲ್ಲ ಕೇಳುವಂತೆ ಒದರಿದ.

ಲುಂಬಿನಿ ಎದ್ದು ಅಂಗನವಾಡಿಗೆ ಹೋದಳು. ಮಗ ಎಂದೂ ಹಾಗೆ ಒದರಿದವನಲ್ಲವಾದ್ದರಿಂದ ಹಣಮವ್ವ ಗಾಬರಿಯಾಗಿ, ಒಳಗೊಂದು ಸಲ ಹೊರಗೊಂದು ಸಲ ಓಡಾಡಿದಳು. ಮರುದಿನ ಕೆಲಸ ಮುಗಿಸಿ ಬಂದ ಲುಂಬಿನಿ ಅಂಗನವಾಡಿಯಿಂದ ತಂದ ಸುಣ್ಣದ ಕಡ್ಡಿಯನ್ನು ಅವನ ಕೈಗೆ ಕೊಟ್ಟಳು.

"ಒಂದು ಅಂದ್ರ ಹೆಂಗಿರ್ತದ, ಎಲ್ ಅಂದ್ರ ಹೆಂಗಿರ್ತದ, ಇಲ್ಲಿ ಬರದು ತೋರಿಸ್ರಿ. ಸೊನ್ನೀನೂ ತೋರಿಸ್ರಿ. ಇನ್ನೊಮ್ಮೆ ತಪ್ಪಲ್ಲ."

ಅವನು ಪರ್ಸಿ ನೆಲದ ಮೇಲೆ ಬಗ್ಗಿ ದೊಡ್ಡ ದೊಡ್ಡ ಅಕ್ಷರ ಬರೆದ. ಅವಳು ಒಂದೊಂದರ ಮೇಲೂ ಬೆರಳಾಡಿಸಿ ತಿದ್ದಿದಳು.

ಅಲ್ಲಾವುದ್ದೀನ ಕೆಟ್ಟವನಲ್ಲ. ಮಾಸ್ತರನ ಕಣ್ಣಿನ ಸಂಗತಿ ಅವನಿಗೆ ತಿಳಿದಿತ್ತು. ಸುರೇಶಕುಮಾರ ತನ್ನ ಯೋಜನೆ ಹೇಳಿದಾಗ ನಿಜವಾಗಿಯೂ ಕುತೂಹಲಪಟ್ಟ. ಆದರೆ ಜೂನ್‌ನಲ್ಲಿ ಹೊಸ ಹುಡುಗರು ಸೇರುತ್ತಾರೆ, ಅದಕ್ಕೂ ಮೊದಲು ಒಂದು ತೀರ್ಮಾನಕ್ಕೆ ಬರಬೇಕು ಎಂದು ಮೆತ್ತಗೆ ಹೇಳಿದ. "ನೋಡದೇ ಕಲಿಸ್ತೀನಿ ಅಂದ್ರ ನನಗ ಖುಷಿನೇ ಅದ ಮಾಸ್ತರ. ಒಂದ್ಸಲ ತೋರಿಸಿಬಿಡ್ರಿ."

ಮೇ ತಿಂಗಳ ಒಂದು ಭಾನುವಾರ. ಹಣಮವ್ವನಿಗೆ ಬುದ್ಧವಂದನೆಯ ಸಿ.ಡಿ. ಕೇಳಬೇಕಾಗಿತ್ತು. ಲುಂಬಿನಿ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ ತೆರೆದು ಹಚ್ಚಿದಳು. ವಂದನೆ ಮುಗಿದ ಮೇಲೆ, ಹೇಗೂ ತೆರೆದಿದೆ, ಲಿನಕ್ಸಿಗೆ ಹೋಗು, ನಿನ್ನೆಯ ಸಾಲು ಮತ್ತೊಮ್ಮೆ ನೋಡೋಣ ಎಂದ ಸುರೇಶಕುಮಾರ. ಯಂತ್ರ ತಿರುಗಿ ಶುರುವಾಯಿತು. ಇದ್ದಕ್ಕಿದ್ದಂತೆ ಒಂದು ಗಂಡುದನಿ, ಡಬ್ಬಿಯೊಳಗಿಂದ ಬಂದಂತೆ, ಇಂಗ್ಲಿಷಿನಲ್ಲಿ ಮಾತಾಡಿತು.

"ಯಾರು ಬಂದಾರ?" ಎಂದು ಹಣಮವ್ವ ಒಲೆಯ ಮುಂದಿನಿಂದ ಎದ್ದು ಬಂದಳು.

ಆ ಮುಂಜಾನೆ ಸುರೇಶಕುಮಾರ ಉಣ್ಣಲು ಏಳಲಿಲ್ಲ. ಕಣ್ಣು ಮುಚ್ಚಿಕೊಂಡೇ ಆಜ್ಞೆ ಕೊಟ್ಟ, ಯಂತ್ರ ಓದಿ ಹೇಳಿತು. ತನ್ನ ಹೆಸರು ಬರೆದ, ಒಂದೊಂದು ಅಕ್ಷರವನ್ನೂ ಅದು ಕೂಗಿತು. ಲುಂಬಿನಿಯ ಹೆಸರು ಬರೆದಾಗ ಅದು ಏನೋ ಬೇರೆ ಉಚ್ಚರಿಸಿತು. ಅವಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಆ ಮನೆಯಲ್ಲಿ ಅವಳು ನಕ್ಕು ಬಹಳ ದಿನವಾಗಿತ್ತು. ಮಧ್ಯಾಹ್ನ ಕರೆಂಟು ಹೋಯಿತು. ಹೋಗಲಿ ಎಂದ ಅವನು. ಹಿಂದಿನ ದಿನ ಬದಲಿಸಿದ ಸಾಲಿನಿಂದಲೇ ಇದಾಯಿತು ಎಂದು ಅವನು ತಿಳಿದಿದ್ದ. ಅಂದೇ ಅಲ್ಲಾವುದ್ದೀನನ ಮನೆಗೆ ಹೋಗಿ, ನಾಳೆ ತೋರಿಸುತ್ತೇನೆ ಎಂದು ಹೇಳಿ ಬಂದ.

ಸೋಮವಾರ ಲ್ಯಾಪ್‌ಟಾಪನ್ನು ಚೀಲದಲ್ಲಿಟ್ಟುಕೊಂಡು ಲುಂಬಿನಿಯ ಭುಜ ಹಿಡಿದು ಕ್ಲಾಸಿಗೆ ಹೋದ. ಹುಡುಗ ಹುಡುಗಿಯರು ಸುತ್ತ ನಿಂತರು. ಅಲ್ಲಾವುದ್ದೀನ ಮಜೀದಸಾಬನನ್ನೂ ಕರೆಸಿದ್ದ. ಸುರೇಶಕುಮಾರ ಕರೆಂಟಿಗೆ ಚುಚ್ಚಿ ಯಂತ್ರ ಶುರು ಮಾಡಿದ. ಒಳಗಿನ ಫ್ಯಾನು ತಿರುಗುವ ಸದ್ದು ಕೇಳಿತು. ಅಷ್ಟೇ. ಆಜ್ಞೆ ಕೊಟ್ಟ, ಮಾತಿಲ್ಲ. ಮತ್ತೆ ಶುರು ಮಾಡಿದ, ಮಾತಿಲ್ಲ. ಲುಂಬಿನಿ ಅವನ ಕಿವಿಯ ಹತ್ತಿರ ಬಗ್ಗಿ ಪರದೆಯ ಅಕ್ಷರ ಓದಿದಳು. ಎಲ್ಲ ಸರಿಯಿದೆ ಎಂದೇ ಅಲ್ಲಿತ್ತು. ಹಿಂದೆ ಯಾರೋ ಕಿಸಕ್ಕೆಂದರು, ಯಾರೋ ಅವರನ್ನು ಸುಮ್ಮನಿರಿಸಿದರು. ನಿನ್ನೆ ಮಾತಾಡಿತ್ತು, ತಾನೇ ಕೇಳಿದ್ದೇನೆ ಎಂದು ಲುಂಬಿನಿ ಎಲ್ಲರಿಗೂ ಹೇಳಿದಳು. ಅಷ್ಟು ಜನರ ಮುಂದೆ ಅವಳು ಬಾಯಿ ಬಿಟ್ಟದ್ದು ಅದೇ ಮೊದಲು.

"ಇರ್ಲಿ ಬಿಡ್ರಿ ಮಾಸ್ತರ" ಎಂದ ಅಲ್ಲಾವುದ್ದೀನ. "ಮತ್ತೊಮ್ಮೆ ನೋಡೋಣಂತ."

ಮತ್ತೊಮ್ಮೆ ಯಾರೂ ನೋಡಲಿಲ್ಲ. ಜೂನ್‌ನಲ್ಲಿ ಚಿತ್ತಾಪುರದ ಶುಭಾ ಎಂಬ ಹುಡುಗಿ ಕಲಿಸಲು ಬಂದಳು. ಸುರೇಶಕುಮಾರನನ್ನು ಯಾರೂ ತೆಗೆದುಹಾಕಲಿಲ್ಲ. ಅವನೇ ಹೋಗುವುದನ್ನು ಬಿಟ್ಟ.

ಲ್ಯಾಪ್‌ಟಾಪ್ ಗೋಡೆಯ ಮಾಡದಲ್ಲಿ ಬುದ್ಧನ ಫೋಟೊದ ಪಕ್ಕ ಕೂತಿತು. ಹಣಮವ್ವ ಫೋಟೊ ಒರೆಸುವಾಗ ಅದನ್ನೂ ಒರೆಸುತ್ತಿದ್ದಳು. ಅವನು ದಾಡಿ ಮಾಡಿಕೊಳ್ಳುವುದನ್ನು ಬಿಟ್ಟ. ಮುಂಜಾನೆ ಎದ್ದು ಹೊಸ್ತಿಲ ಹೊರಗಿನ ಕಲ್ಲಿನ ಮೇಲೆ ಕೂತರೆ, ಬಿಸಿಲು ಮೈಸುಟ್ಟಾಗ ಒಳಗೆ ಬರುತ್ತಿದ್ದ. ಓಣಿಯವರು ಮಾತಾಡಿಸಿದರೆ ಹೂಂ ಎನ್ನುತ್ತಿದ್ದ. ಯಾರು ಮಾತಾಡಿಸಿದರು ಎಂದು ಆಮೇಲೆ ತಾಯಿಯನ್ನು ಕೇಳುತ್ತಲೂ ಇರಲಿಲ್ಲ. ಮಳೆಗಾಲದಲ್ಲಿ ಉಳಿದ ನೋಟವೂ ಮಂಜಾಯಿತು. ಪೋಲಂಡಿನವನು ಏನಾಯಿತು ಎಂದು ಕೇಳಿ ಬರೆದಿದ್ದಾನೆ ಎಂದು ಲುಂಬಿನಿ ಹೇಳಿದಳು. ಸೈಬರ್ ಅಂಗಡಿಗೆ ಹೋಗಿ ಅವನ ಇ-ಮೇಲ್ ತೆರೆಯುವುದನ್ನು ಅವಳು ಅಷ್ಟರಲ್ಲಿ ಕಲಿತಿದ್ದಳು. ಅವನು ಉತ್ತರ ಬರೆಸಲಿಲ್ಲ.

"ಆವತ್ತು ಅದು ಮಾತಾಡಬಾರದಿತ್ತು ನೋಡು" ಎಂದ ಒಂದು ದಿನ. "ಮೊದಲಿನಿಂದ ಮೂಕ ಇದ್ದಿದ್ರ ಇಷ್ಟು ಆಗ್ತಿದ್ದಿಲ್ಲ ನನಗ."

ಲುಂಬಿನಿ ಜೋಳ ಹಸನು ಮಾಡುತ್ತಿದ್ದವಳು ಕೈ ನಿಲ್ಲಿಸಿದಳು.

ದೀಪಾವಳಿ ಮುಗಿದ ಮೇಲೆ ಅಂಗನವಾಡಿಯ ಮೇಡಂ, ಮಕ್ಕಳ ಹೆಸರುಗಳನ್ನು ಕಂಪ್ಯೂಟರಿನಲ್ಲಿ ಬರೆದು ಕೊಡಲು ಆಗುತ್ತದೆಯೇ ಎಂದು ಲುಂಬಿನಿಯನ್ನು ಕೇಳಿದರು. ಅವಳು ಮಾಡದಿಂದ ಲ್ಯಾಪ್‌ಟಾಪ್ ಇಳಿಸಿ, ವಿಂಡೋಸ್‌ನಲ್ಲಿ ಕೂತು ನಿಧಾನವಾಗಿ ಬರೆದಳು. ಮುಗಿದ ಮೇಲೆ ಬಂದ್ ಮಾಡುವ ಬದಲು ತಿರುಗಿ ಶುರು ಮಾಡುವುದನ್ನು ಒತ್ತಿಬಿಟ್ಟಳು. ಯಂತ್ರ ತನ್ನ ರೂಢಿಯಂತೆ ಲಿನಕ್ಸಿಗೆ ಹೋಯಿತು. ಆ ಡಬ್ಬಿಯ ದನಿ ಮಾತಾಡಿತು.

ಸುರೇಶಕುಮಾರ ಹೊರಗಿನ ಕಲ್ಲಿನ ಮೇಲಿದ್ದವನು ತಡವರಿಸುತ್ತ ಒಳಗೆ ಬಂದ.

"ಏನು ಮಾಡಿದಿ?"

"ಏನೂ ಮಾಡಿಲ್ಲರಿ. ಹುಡುಗರ ಹೆಸರು ಬರಿಲಿಕತ್ತಿದ್ದೆ."

ಮಾಡಿದ್ದನ್ನೆಲ್ಲ ಒಂದೊಂದಾಗಿ ಹೇಳು ಎಂದ. ಅವಳು ಹೇಳಿದಳು. ಪೂರ್ತಿ ಬಂದ್ ಮಾಡಿ ಲಿನಕ್ಸ್ ತೆರೆ ಎಂದ. ತೆರೆದಳು, ಮೂಕ. ಈಗ ಮೊದಲು ವಿಂಡೋಸ್, ಅಲ್ಲಿಂದ ಬಂದ್ ಮಾಡದೆ ತಿರುಗಿ ಶುರು ಮಾಡು ಎಂದ. ಮಾತಾಡಿತು. ಮತ್ತೆ ಮತ್ತೆ ಮಾಡಿಸಿದ. ಪ್ರತಿ ಸಲವೂ ಹಾಗೇ. ದನಿಯ ಚಿಪ್ಪನ್ನು ಎಬ್ಬಿಸುವ ಏನೋ ಒಂದು ಕೆಲಸವನ್ನು ವಿಂಡೋಸ್ ಮಾಡುತ್ತಿತ್ತು, ಲಿನಕ್ಸಿನ ಡ್ರೈವರಿಗೆ ಅದು ಗೊತ್ತಿರಲಿಲ್ಲ. ಒಮ್ಮೆ ಎದ್ದ ಚಿಪ್ಪು ಯಂತ್ರ ನಡೆಯುತ್ತಿರುವವರೆಗೆ ಎಚ್ಚರ ಇರುತ್ತಿತ್ತು, ಬಂದ್ ಮಾಡಿದರೆ ಇಲ್ಲವೆ ಕರೆಂಟು ಹೋದರೆ ಮಲಗುತ್ತಿತ್ತು. ಆ ಭಾನುವಾರ ತಾಯಿಯ ವಂದನೆಗಾಗಿ ವಿಂಡೋಸ್ ತೆರೆದಿದ್ದರು. ಅಂದು ಮಧ್ಯಾಹ್ನವೇ ಕರೆಂಟು ಹೋಗಿತ್ತು, ಸೋಮವಾರ ಅವನು ಬಂದಾದ ಯಂತ್ರವನ್ನು ಚೀಲದಲ್ಲಿ ಒಯ್ದು ನೇರ ಲಿನಕ್ಸ್ ತೆರೆದಿದ್ದ.

ಇಷ್ಟೇ ಇದ್ದದ್ದು. ಕಾರಣ ಸಿಕ್ಕರೆ ಜೀವಕ್ಕೆ ತಂಪಾಗುತ್ತದೆ ಎಂದು ಅವನು ವರ್ಷಗಟ್ಟಲೆ ನಂಬಿದ್ದ. ಸಿಕ್ಕಿತು, ತಂಪಾಗಲಿಲ್ಲ. ನೆಲದ ಮೇಲೆ ಕೂತು ಮೊಣಕಾಲಿಗೆ ಹಣೆ ಹಚ್ಚಿದ. ಲುಂಬಿನಿ, ಅಲ್ಲಾವುದ್ದೀನರಿಗೆ ಹೇಳಿ ಬರೋಣ ಎಂದಳು. ಅವನು ಒಲ್ಲೆನೆಂದ. ಅವಳೊಬ್ಬಳೇ ಹೋಗಿ ಬಂದಳು. ಅಲ್ಲಾವುದ್ದೀನ ಪೂರ್ತಿ ಕೇಳಿಕೊಂಡು, ಈಗ ಆ ಹುಡುಗಿಯನ್ನು ಹೇಗೆ ಬಿಡಿಸಲಿ ತಾಯಿ ಎಂದು ತಲೆ ತಗ್ಗಿಸಿದನಂತೆ. ಅದರಲ್ಲಿ ಅವನ ತಪ್ಪೇನೂ ಇರಲಿಲ್ಲ.

ಪೋಲಂಡಿನವನಿಗೆ ಮಾತ್ರ ಸುರೇಶಕುಮಾರ ಉತ್ತರ ಬರೆಸಿದ. ಅವನು ಇಂಗ್ಲಿಷ್ ಅಕ್ಷರ ಹೇಳುತ್ತ ಹೋದ, ಲುಂಬಿನಿ ಹುಡುಕಿ ಹುಡುಕಿ ಒತ್ತಿದಳು. ವಿಂಡೋಸ್‌ನಿಂದ ಬಂದಾಗ ಚಿಪ್ಪಿನೊಳಗೆ ಏನಿರುತ್ತದೆ, ನೇರ ಬಂದಾಗ ಏನಿರುತ್ತದೆ ಎಂದು ಎರಡನ್ನೂ ತೆಗೆದು ಕಳಿಸು ಎಂದು ಪೋಲಂಡಿನವನು ಮರಳಿ ಬರೆದು ಕೇಳಿದ. ಅದನ್ನೂ ಇವರು ಕಳಿಸಿದರು. ಆಮೇಲೆ ಆ ಕಡೆಯಿಂದ ಸುದ್ದಿಯಿಲ್ಲ.

ಅದಾದ ಮೇಲಿನ ದಿನಗಳು ಹೀಗೆ ಕಳೆದವು. ಲುಂಬಿನಿ ಅಂಗನವಾಡಿಗೆ ಹೋಗುವ ಮೊದಲು ಲ್ಯಾಪ್‌ಟಾಪನ್ನು ವಿಂಡೋಸ್‌ನ ಮೂಲಕ ಎಬ್ಬಿಸಿ ಕೊಟ್ಟು ಹೋಗುವಳು. ಅವನು ಅದರೊಡನೆ ಕೂತು, ಮಜೀದಸಾಬ ಇಳಿಸಿ ತಂದುಕೊಟ್ಟ ಇಂಗ್ಲಿಷ್ ಬರಹಗಳನ್ನು ಓದಿಸಿಕೊಳ್ಳುವನು. ಕನ್ನಡ ಅದಕ್ಕೆ ಬರುತ್ತಿರಲಿಲ್ಲ. ನಡುವೆ ಕರೆಂಟು ಹೋದರೆ ದನಿ ಅರ್ಧ ಶಬ್ದಕ್ಕೆ ಕಡಿಯುವುದು. ಬೆರಳಿನ ಅಂದಾಜಿನಲ್ಲಿ ತಾನೇ ವಿಂಡೋಸ್ ಹೊಕ್ಕು ಹೊರಬರುವುದನ್ನು ಅವನು ಕಲಿತ. ಆದರೆ ಹಾಗೆ ತಟ್ಟನೆ ಸತ್ತು ಎದ್ದ ಯಂತ್ರ ಬಹಳ ಸಲ ಪರದೆಯ ಮೇಲೆ ಏನನ್ನೋ ಕೇಳಿಕೊಂಡು ನಿಂತುಬಿಡುತ್ತಿತ್ತು. ಏನು ಕೇಳುತ್ತಿದೆ ಎಂದು ಅವನಿಗೆ ಹೇಗೆ ತಿಳಿಯಬೇಕು? ಕೀಲಿಮಣೆಯ ಮೇಲೆ ಕೈಯಿಟ್ಟುಕೊಂಡು ಅವಳು ಬರುವವರೆಗೆ ಕೂತಿರುತ್ತಿದ್ದ. ಹಣಮವ್ವ ಬಂದು ಕನ್ನಡಕ ಏರಿಸಿ ಪರದೆ ನೋಡುತ್ತಿದ್ದಳು. "ಏನೋ ಬರದದಪ್ಪ, ನನಗೇನು ತಿಳೀತದ" ಎಂದು ಅವನ ಬೆನ್ನ ಮೇಲೆ ಕೈಯಾಡಿಸಿ ಹೋಗುತ್ತಿದ್ದಳು.

ಮುಂದಿನ ಬೇಸಿಗೆಯಲ್ಲಿ ಒಂದು ದಿನ ಕರೆಂಟು ಹೋಗಿ, ಒಮ್ಮೆಲೇ ಜೋರಾಗಿ ಬಂತು. ಓಣಿಯಲ್ಲಿ ಹಲವರ ಟಿ.ವಿ. ಸುಟ್ಟವು. ಲ್ಯಾಪ್‌ಟಾಪಿನಿಂದಲೂ ವಾಸನೆ ಎದ್ದಿತು. ಮಜೀದಸಾಬ ಬಿಚ್ಚಿ, ಕರಕಾದ ಭಾಗವನ್ನು ಮೂಸಿ ನೋಡಿದ. ಆಮೇಲೆ, "ಇದು ಹೋಯ್ತು ಸುರೇಶಣ್ಣ" ಎಂದ. ಆ ಹೊತ್ತಿಗೆ ಸುರೇಶಕುಮಾರನಿಗೆ ಬಾಗಿಲು ಯಾವ ಕಡೆ, ಗೋಡೆ ಯಾವ ಕಡೆ ಎಂಬಷ್ಟು ಬೆಳಕು ಮಾತ್ರ ತಿಳಿಯುತ್ತಿತ್ತು. ಸುಟ್ಟದ್ದನ್ನು ಅಲ್ಲೇ ಇಟ್ಟುಕೋ, ಬಿಡಿಭಾಗ ಯಾವುದಕ್ಕಾದರೂ ಬಂದೀತು ಎಂದು ಅವನು ಮಜೀದಸಾಬನಿಗೆ ಹೇಳಿದ. ಮನೆಗೆ ಒಯ್ಯಲಿಲ್ಲ.

ಮಳೆಗಾಲ ಹಿಡಿಯುವ ಮೊದಲು ಅಂಗವಿಕಲರ ಪಿಂಚಣಿಯ ವಿಚಾರ ತಿಳಿಯಲು ಲುಂಬಿನಿ ಅವನನ್ನು ಕರೆದುಕೊಂಡು ಸೈಬರ್ ಅಂಗಡಿಗೆ ಹೋದಳು. ಹೇಗೂ ಬಂದಿದ್ದೇವೆ ಎಂದು ಇ-ಮೇಲ್ ತೆರೆದಳು. ಪೋಲಂಡಿನವನು ಬರೆದಿದ್ದ. ಅವಳು ತಡೆದು ತಡೆದು ಓದಿದಳು. ಈಗ ಅವಳು ಅಕ್ಷರ ಬಿಡಿಸದೆ ಶಬ್ದವನ್ನೇ ಓದುತ್ತಿದ್ದಳು. ಕೆಲವು ಶಬ್ದಗಳ ಅರ್ಥವೂ ಅವಳಿಗೆ ಗೊತ್ತಾಗುತ್ತಿತ್ತು. ನೀವು ಕಳಿಸಿದ ವಿವರದಿಂದ ದೋಷ ಎಲ್ಲಿದೆ ಎಂದು ತಿಳಿಯಿತು, ಡ್ರೈವರನ್ನು ಸರಿಪಡಿಸಿದ್ದೇವೆ, ಮುಂದಿನ ಆವೃತ್ತಿಯಿಂದ ನಿಮ್ಮಂಥ ಲ್ಯಾಪ್‌ಟಾಪ್ ಇರುವ ಎಲ್ಲರಿಗೂ ದನಿ ಬರುತ್ತದೆ, ತಡವಾದದ್ದಕ್ಕೆ ಕ್ಷಮಿಸಿ ಎಂದಿತ್ತು.

"ಇನ್ನೊಮ್ಮೆ ಓದು" ಎಂದ ಸುರೇಶಕುಮಾರ. ಅವಳು ಓದಿದಳು. ಅವನ ಮುಖ ಗೋಡೆಯ ಕಡೆಗಿತ್ತು.

"ಏನಂತ ಬರೀಲಿ?"

ಅಂಗಡಿಯವನು ಹೊತ್ತಾಯಿತೆಂದು ಎರಡು ಸಲ ಕೆಮ್ಮಿದ.

"ಮಷೀನ್ ಸುಟ್ಟದ ಅಂತ ಬರೀಬ್ಯಾಡ" ಎಂದ ಕೊನೆಗೆ. "ಥ್ಯಾಂಕ್ಸ್ ಅಂತಷ್ಟೇ ಬರಿ."

ಅವಳು ಬರೆದು ಕಳಿಸಿದಳು. ಹೊರಗೆ ಪರ್ಸಿಕಲ್ಲು ಹೇರಿದ ಲಾರಿಗಳು ಸ್ಟೇಷನ್ ಕಡೆ ಹೋಗುತ್ತಿದ್ದವು. ಅವನು ಅವಳ ಭುಜದ ಮೇಲೆ ಕೈಯಿಟ್ಟ. ಮುಂದೆ ಗಟಾರ ಇದೆ, ಕಾಲು ಎತ್ತಿ ಇಡಿ ಎಂದಳು ಲುಂಬಿನಿ. ಅವನು ಎತ್ತಿ ಇಟ್ಟ.